ಟ್ರಸ್ಟ್ ಹಣ ಬಂದವರ ಮಾಸಾಶನ ಉಳಿಸುವ ಉಚಿತ ಕಾನೂನು ನೆರವು: ನನ್ನ ಅನುಭವ

ಅಮೆರಿಕದ ಮೊಂಟಾನಾದಲ್ಲಿ ಮೂಲನಿವಾಸಿಗಳಿಗೆ ಉಚಿತವಾಗಿ ಸಲಹೆ ಕೊಡುವ ಕಾನೂನು ನೆರವು ಕೇಂದ್ರವೊಂದಕ್ಕೆ ನಾನು ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ನನ್ನ ವೃತ್ತಿ ಲೆಕ್ಕಪತ್ರದ್ದು. ಬ್ಲ್ಯಾಕ್‌ಫೀಟ್ ಎಂಬ ಮೂಲನಿವಾಸಿ ಬುಡಕಟ್ಟಿನ ನೆರೆಮನೆಯ ಹಿರಿಯರೊಬ್ಬರಿಗೆ ಕಾಗದಪತ್ರ ಜೋಡಿಸಿಕೊಟ್ಟು ಅವರ ಜೊತೆ ಅಲ್ಲಿಗೆ ಹೋಗಿದ್ದೆ.

ಅವರಿಗೆ ಸಿಗುವುದು ಎಸ್‌ಎಸ್‌ಐ, ಅಂದರೆ ಬಡ ವೃದ್ಧರಿಗೂ ಅಂಗವಿಕಲರಿಗೂ ಕೇಂದ್ರ ಸರ್ಕಾರ ಕೊಡುವ ಮಾಸಾಶನ. 2025ರಲ್ಲಿ ಒಬ್ಬರಿಗೆ ಗರಿಷ್ಠ 967 ಡಾಲರ್. ಬ್ಯಾಂಕಿನಲ್ಲಿ 2,000 ಡಾಲರ್‌ಗಿಂತ ಹೆಚ್ಚು ಹಣ ಕಂಡಿದೆ, ಆದ್ದರಿಂದ ಮಾಸಾಶನ ನಿಲ್ಲಿಸುತ್ತೇವೆ ಎಂಬ ಪತ್ರ ಬಂದಿತ್ತು. 1989ರಿಂದ ಒಂದು ಡಾಲರೂ ಏರದ ಈ ಮಿತಿಯೇ ಒಂದು ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಿರಲಿ, ಆ ಹಣದ ದೊಡ್ಡ ಪಾಲು ಸರ್ಕಾರವೇ ಬುಡಕಟ್ಟಿನ ಪರವಾಗಿ ಟ್ರಸ್ಟ್‌ನಲ್ಲಿ ಇಟ್ಟಿದ್ದು, ತಲಾವಾರು ಹಂಚಿದ್ದು.

ಕೇಂದ್ರದ ವಕೀಲೆ ಮೊತ್ತವನ್ನು ನೋಡಲೇ ಇಲ್ಲ. ಬ್ಯಾಂಕ್ ವಿವರದ ಹಾಳೆಯನ್ನು ಮೇಜಿನ ಮೇಲೆ ಹರಡಿ, ಪ್ರತಿಯೊಂದು ಜಮೆಯ ಪಕ್ಕದಲ್ಲಿ ಅದು ಎಲ್ಲಿಂದ ಬಂತು ಎಂದು ಪೆನ್ಸಿಲ್‌ನಲ್ಲಿ ಬರೆಯುತ್ತಾ ಹೋದರು. ಮಾಸಾಶನ, ಭೂಮಿಯ ಗುತ್ತಿಗೆ, ಟ್ರಸ್ಟ್ ಹಂಚಿಕೆ, ಮೊಮ್ಮಗಳು ಕಳಿಸಿದ್ದು. ಗೊತ್ತಾಗದ ಒಂದು ಸಾಲಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, "ಇದರ ರಸೀದಿ ಹುಡುಕಿ ತನ್ನಿ" ಎಂದರು. ಲೆಕ್ಕ ನೋಡುವವಳಾಗಿ ಹೇಳುತ್ತೇನೆ, ಇಷ್ಟು ಅಚ್ಚುಕಟ್ಟಾದ ಕೆಲಸ ದುಡ್ಡು ತೆಗೆದುಕೊಳ್ಳುವವರಲ್ಲೂ ಅಪರೂಪ.

ಏಕೆಂದರೆ ಇಲ್ಲಿ ಎಲ್ಲವೂ ಹಣದ ಮೂಲದ ಮೇಲೆ ನಿಂತಿದೆ. 2,000 ಎಂಬ ಒಂದೇ ಅಂಕಿ ಮೂರು ಕಡೆ ಬಂದು ಜನರನ್ನು ಗೊಂದಲಕ್ಕೆ ತಳ್ಳುತ್ತದೆ. ಮೊದಲನೆಯದು ಮೇಲೆ ಹೇಳಿದ ಆಸ್ತಿ ಮಿತಿ. ಎರಡನೆಯದು, ವ್ಯಕ್ತಿಯ ಪಾಲಿನ ಟ್ರಸ್ಟ್ ಭೂಮಿಯಿಂದ (ಅವರ ಪರವಾಗಿ ಸರ್ಕಾರ ಇಟ್ಟುಕೊಂಡ ಭೂಮಿಯಿಂದ) ಬರುವ ಗುತ್ತಿಗೆ ಹಣಕ್ಕೆ ಸಿಗುವ ವಿನಾಯಿತಿ: ವರ್ಷಕ್ಕೆ 2,000 ಡಾಲರ್‌ವರೆಗೆ ಅದನ್ನು ಆದಾಯವೆಂದು ಲೆಕ್ಕ ಹಿಡಿಯುವಂತಿಲ್ಲ. ಮೂರನೆಯದು ತಲಾ ಹಂಚಿಕೆಗೆ ಸಂಬಂಧಿಸಿದ್ದು. 1983ರ ಕಾಯ್ದೆಯ ಪ್ರಕಾರ ಸರ್ಕಾರದ ಟ್ರಸ್ಟ್‌ನಿಂದ ಹಂಚಿದ ಹಣವನ್ನು ಎಸ್‌ಎಸ್‌ಐ ಲೆಕ್ಕಕ್ಕೆ ಸೇರಿಸುವಂತೆಯೇ ಇಲ್ಲ, ಮೊತ್ತ ಎಷ್ಟೇ ಇರಲಿ. ಆದರೆ ಮನೆ ಬಾಡಿಗೆ ನೆರವಿನಂತಹ ಯೋಜನೆಗಳಲ್ಲಿ ಒಂದು ಪಾಲಿನಲ್ಲಿ 2,000 ದಾಟಿದ ಭಾಗ ಲೆಕ್ಕಕ್ಕೆ ಬರಬಹುದು. ಬುಡಕಟ್ಟಿನ ಕ್ಯಾಸಿನೊ ಲಾಭದಿಂದ ಬಂದ ಹಂಚಿಕೆಗೆ ಎಸ್‌ಎಸ್‌ಐನಲ್ಲಿ ಈ ರಕ್ಷಣೆ ಇಲ್ಲ, ಅದು ಆದಾಯವೇ. ಒಂದೇ ಮನೆಗೆ, ಒಂದೇ ತಿಂಗಳಲ್ಲಿ ಬಂದ ಎರಡು ಚೆಕ್‌ಗಳಿಗೆ ಎರಡು ನ್ಯಾಯ.

ಬ್ಲ್ಯಾಕ್‌ಫೀಟ್ ಸಮುದಾಯದವರೇ ಆದ ಎಲೂಯಿಸ್ ಕೋಬೆಲ್ 1996ರಲ್ಲಿ ಸರ್ಕಾರದ ಮೇಲೆ ಮೊಕದ್ದಮೆ ಹೂಡಿದ್ದು ಮೂಲನಿವಾಸಿ ವ್ಯಕ್ತಿಗಳ ಹೆಸರಿನಲ್ಲಿ ಸರ್ಕಾರ ಇಟ್ಟ ಇಂಥ ಟ್ರಸ್ಟ್ ಖಾತೆಗಳ ಲೆಕ್ಕ ಕೇಳಿ. ಒಟ್ಟು 340 ಕೋಟಿ ಡಾಲರ್‌ಗಳ ಒಪ್ಪಂದವಾಯಿತು. ಆ ಪರಿಹಾರದ ಹಣವನ್ನೂ ಕೈಗೆ ಬಂದ ಒಂದು ವರ್ಷದವರೆಗೆ ಆಸ್ತಿಯೆಂದು ಎಣಿಸಬಾರದು ಎಂದು 2010ರ ಕಾಯ್ದೆಯಲ್ಲೇ ಬರೆಯಬೇಕಾಯಿತು. ತಮ್ಮದೇ ಹಣ ಪಡೆದವರು ಅದೇ ಕಾರಣಕ್ಕೆ ಮಾಸಾಶನ ಕಳೆದುಕೊಳ್ಳುವುದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಅರ್ಧ ಅಂಕ ಕಡಿತ ಮಾಡಿದ್ದು ಎರಡು ಕಾರಣಕ್ಕೆ. ಫೋನ್ ಎತ್ತುವವರು ಕಡಿಮೆ, ಕಾಯಿಸುತ್ತಾರೆ. ಕೊಡುವ ಮಾಹಿತಿ ಹಾಳೆಯ ಅಕ್ಷರಗಳು ಎಷ್ಟು ಚಿಕ್ಕವೆಂದರೆ ವಯಸ್ಸಾದವರು ಓದುವುದು ಕಷ್ಟ. ಮೇಲ್ಮನವಿಯ ಗಡುವು ಇರುವುದೂ ಆ ಹಾಳೆಯಲ್ಲೇ, ಅದೂ ಕೊನೆಯ ಸಾಲಿನಲ್ಲಿ.

ಹೋಗುವವರು ನಿಲುಗಡೆಯ ಪತ್ರ, ಟ್ರಸ್ಟ್ ಖಾತೆಯ ವಿವರ, ಹಂಚಿಕೆಯ ಬಗ್ಗೆ ಬುಡಕಟ್ಟಿನ ಕಚೇರಿ ಕೊಟ್ಟ ಪತ್ರ, ಈ ಮೂರನ್ನೂ ಒಯ್ಯಿರಿ. ಟ್ರಸ್ಟ್ ಹಣಕ್ಕೆ ಬೇರೆ ಬ್ಯಾಂಕ್ ಖಾತೆ ತೆರೆದರೆ ಗುರುತಿಸುವುದು ಸುಲಭ ಎಂದು ವಕೀಲೆ ನೆರೆಮನೆಯವರಿಗೆ ಹೇಳಿದರು. ಮೇಲ್ಮನವಿಗೆ 60 ದಿನ ಇದೆ ನಿಜ. ಆದರೆ ಪತ್ರ ಕೈಸೇರಿದ 10 ದಿನದೊಳಗೆ ಸಲ್ಲಿಸಿದರೆ ತೀರ್ಮಾನ ಬರುವವರೆಗೆ ಮಾಸಾಶನ ನಿಲ್ಲದಂತೆ ಕೇಳಬಹುದು. ಹಾಗಾಗಿ ಫೋನ್ ಸಿಗಲಿಲ್ಲವೆಂದು ಕಾಯಬೇಡಿ, ನೇರವಾಗಿ ಹೋಗಿ.