ಇನ್ ದ ಮೂಡ್ ಫಾರ್ ಲವ್: ಏನನ್ನು ಗಮನಿಸಬೇಕು, ಯಾವ ಪ್ರತಿ ನೋಡಬೇಕು

ವಾಂಗ್ ಕಾರ್-ವಾಯ್ ನಿರ್ದೇಶನದ ಈ ಚಿತ್ರದಲ್ಲಿ (2000, 98 ನಿಮಿಷ) ಕಳ್ಳಸಂಬಂಧ ಇಟ್ಟುಕೊಂಡವರ ಮುಖ ನಮಗೆ ಸರಿಯಾಗಿ ಒಮ್ಮೆಯೂ ಕಾಣುವುದಿಲ್ಲ. ಬೆನ್ನು, ದನಿ, ಅಷ್ಟೇ. 1962ರ ಹಾಂಗ್‌ಕಾಂಗ್‌ನಲ್ಲಿ, ವಠಾರದಂಥ ಇಕ್ಕಟ್ಟಿನ ಮನೆಗಳಲ್ಲಿ, ಅಕ್ಕಪಕ್ಕ ಬಾಡಿಗೆ ಕೋಣೆ ಹಿಡಿದ ಎರಡು ಜೋಡಿ. ಒಬ್ಬಳ ಗಂಡ ಮತ್ತು ಇನ್ನೊಬ್ಬನ ಹೆಂಡತಿ ಒಂದಾಗುತ್ತಾರೆ. ಕ್ಯಾಮೆರಾ ಮಾತ್ರ ಮೋಸಹೋದ ಇಬ್ಬರನ್ನು, ಅಂದರೆ ಮ್ಯಾಗಿ ಚಾಂಗ್ ಮತ್ತು ಟೋನಿ ಲಿಯಂಗ್ ಅವರನ್ನು, ಬಿಟ್ಟು ಕದಲುವುದಿಲ್ಲ.

ಗುಟ್ಟು ರಟ್ಟಾಗುವುದು ರೆಸ್ಟೋರೆಂಟಿನ ಮೇಜಿನ ಮುಂದೆ. ನಿಮ್ಮ ಕೈಚೀಲ ಎಲ್ಲಿ ಕೊಂಡದ್ದು ಎಂದು ಇವನು ಕೇಳುತ್ತಾನೆ. ನಿಮ್ಮ ಟೈ ಎಲ್ಲಿಯದು ಎಂದು ಅವಳು. ಎರಡೂ ಹೊರದೇಶದ್ದು, ಊರಲ್ಲಿ ಸಿಗದಂಥವು. ಅಂಥದೇ ಚೀಲ ಇವನ ಹೆಂಡತಿಯ ಬಳಿ ಇದೆ, ಅಂಥದೇ ಟೈ ಅವಳ ಗಂಡನ ಬಳಿ. ಕೂಗಾಟವಿಲ್ಲ, ಕಣ್ಣೀರಿಲ್ಲ. ದಾಂಪತ್ಯದ್ರೋಹ ಬಯಲಾಗುವ ದೃಶ್ಯವನ್ನು ಇಷ್ಟು ಸಭ್ಯವಾಗಿ, ಇಷ್ಟು ನೋವಾಗುವಂತೆ ಕಟ್ಟಿದ್ದು ಅಪರೂಪ.

ಮೊದಲ ಸಲ ನೋಡುವವರು ಎಡವುವುದು ಇದಾದ ಮೇಲೆ. ಅವರಿಬ್ಬರ ಸಂಬಂಧ ಶುರುವಾದದ್ದು ಹೇಗೆ ಎಂದು ಇವರಿಬ್ಬರು ನಟಿಸಿ ನೋಡುತ್ತಾರೆ. ಇದು ನಟನೆ ಎಂಬ ಸುಳಿವನ್ನು ಚಿತ್ರ ಮೊದಲೇ ಕೊಡುವುದಿಲ್ಲ. "ನಿನಗೆ ಬೇರೆಯವಳು ಇದ್ದಾಳಾ?" ಎಂದು ಅವಳು ಕೇಳುವಾಗ ಎದುರಿನ ಗಂಡಸಿನ ಬೆನ್ನಷ್ಟೇ ಕಾಣುತ್ತದೆ. ಗಂಡನೇ ಇರಬೇಕು ಅಂದುಕೊಳ್ಳುತ್ತೇವೆ, ಅಲ್ಲ. ಒಂದೇ ಮಾತುಕತೆ ಎರಡನೇ ಸಲ ಬಂದರೆ ಅದು ತಾಲೀಮು ಎಂದು ತಿಳಿಯಿರಿ.

ದಿನ ಕಳೆದದ್ದನ್ನು ಹೇಳುವುದು ಮ್ಯಾಗಿ ಚಾಂಗ್ ಉಡುವ ಚೊಂಗ್‌ಸಾಮ್, ಅಂದರೆ ಮೈಗಂಟುವ ಚೀನೀ ನಿಲುವಂಗಿ. ಇಪ್ಪತ್ತಕ್ಕೂ ಹೆಚ್ಚು ಇವೆ. ನೂಡಲ್ಸ್ ತರಲು ಅದೇ ಮೆಟ್ಟಿಲು, ಹಿನ್ನೆಲೆಯಲ್ಲಿ ಜಪಾನಿ ಸಂಗೀತಗಾರ ಶಿಗೆರು ಉಮೆಬಯಾಶಿಯ ಅದೇ ವಾಲ್ಟ್ಸ್ ಸಂಗೀತ. ಬಟ್ಟೆ ಬದಲಾದರೆ ದಿನ ಬದಲಾಯಿತು. ಮನೆಯವರು ರಾತ್ರಿಯಿಡೀ ಮಾಜಾಂಗ್ ಎಂಬ ಚೀನೀ ಬಿಲ್ಲೆಯಾಟ ಆಡುತ್ತ ಕುಳಿತಾಗ ಅವಳು ಅವನ ಕೋಣೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತಾಳೆ. ತಪ್ಪು ಮಾಡಿಲ್ಲ, ಆದರೂ ಬಚ್ಚಿಟ್ಟುಕೊಳ್ಳಬೇಕು. ಕೊನೆಗೆ ಅವನ ಹೆಂಡತಿಯ ಬಿಗಿಯಾದ ಚಪ್ಪಲಿ ಮೆಟ್ಟಿ ಹೊರಬರುತ್ತಾಳೆ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಈ ಭಾಗ.

ಇನ್ನು ಪ್ರತಿಯ ವಿಷಯ. ನಿರ್ದೇಶಕರೇ ಒಪ್ಪಿದ 4ಕೆ (ಅತಿ ಸ್ಪಷ್ಟ ಚಿತ್ರದ) ಪರಿಷ್ಕರಣೆಯಲ್ಲಿ ಬಣ್ಣ ಹಸಿರಿನ ಕಡೆ ವಾಲಿದೆ. ಗೆರೆಗಳು ಸ್ಪಷ್ಟವಾಗಿವೆ, ನಿಜ. ಆದರೆ ಹೋಟೆಲಿನ ಓಣಿಯ ಕೆಂಪು ಪರದೆಗಳ ಕಾವು ಹಳೆಯ ಪ್ರತಿಯಲ್ಲೇ ಹೆಚ್ಚು. ಮೊದಲ ಸಲಕ್ಕೆ ಆ ಹಳೆಯ ಬಣ್ಣವಿರುವ, ಅಮೆರಿಕದ ಕ್ರೈಟೀರಿಯನ್ ಸಂಸ್ಥೆಯ 2012ರ ಬ್ಲೂ-ರೇ ಮೇಲು. ಬ್ಲೂ-ರೇ ಡಿಸ್ಕುಗಳಿಗೆ ರೀಜನ್ ಎಂಬ ವಲಯದ ಕಟ್ಟುಪಾಡು ಇರುತ್ತದೆ: ಅದು ರೀಜನ್ ಎ ಡಿಸ್ಕ್, ನಮ್ಮ ದೇಶ ರೀಜನ್ ಸಿ. ಆದ್ದರಿಂದ ಪ್ಲೇಯರ್ ಎಲ್ಲ ರೀಜನ್‌ಗಳನ್ನೂ ಓದುತ್ತದೆಯೇ ಎಂದು ನೋಡಿಕೊಂಡೇ ಕೊಳ್ಳಿ. 4ಕೆ ಪರಿಷ್ಕರಣೆಯ ಯುಎಚ್‌ಡಿ (ಅಲ್ಟ್ರಾ ಎಚ್‌ಡಿ) ಡಿಸ್ಕಿಗೆ ಈ ತೊಡಕಿಲ್ಲ.

ಮನೆಯೊಡತಿ ಆಡುವುದು ಶಾಂಘೈ ನುಡಿ, ಬಾಡಿಗೆಯವರದು ಕ್ಯಾಂಟನೀಸ್. ಸಬ್‌ಟೈಟಲ್ ಈ ವ್ಯತ್ಯಾಸ ತೋರಿಸದು. ಕಿವಿಗೊಟ್ಟು ಕೇಳಿದರೆ ಗೊತ್ತಾಗುತ್ತದೆ.