ಪ್ರಾಮಿಸಿಂಗ್ ಯಂಗ್ ವುಮನ್ ನೋಡಿದೆ, ಆ ಕೊನೆ ಮಾತ್ರ ಗಂಟಲಲ್ಲೇ ಸಿಕ್ಕಿಕೊಂಡಿದೆ

ಹೆಣ್ಣಿನ ಸೇಡಿನ ಕಥೆ ಅಂದರೆ ಹಾಲಿವುಡ್ ಹತ್ತಿರ ಒಂದು ಅಚ್ಚು ರೆಡಿ ಇದೆ. ಮೊದಲು ಅವಳಿಗೆ ಅನ್ಯಾಯ ಆಗುತ್ತದೆ, ಅದನ್ನು ಕ್ಯಾಮೆರಾ ಬಿಟ್ಟಕಣ್ಣು ಬಿಟ್ಟು ತೋರಿಸುತ್ತದೆ, ಆಮೇಲೆ ಅವಳು ಕತ್ತಿನೋ ಗನ್ನೋ ಹಿಡಿದು ಒಬ್ಬೊಬ್ಬರನ್ನೇ ಮುಗಿಸುತ್ತಾ ಹೋಗುತ್ತಾಳೆ, ನಾವು ಕೂತಲ್ಲೇ ‘ಹಾಕು ಅವನಿಗೆ’ ಅಂತೀವಿ. 2003ರ ಕಿಲ್ ಬಿಲ್ ನಾಯಕಿಯಂತೂ ಪಟ್ಟಿ ಬರೆದುಕೊಂಡು ಹೆಸರು ಹೊಡೆದುಹಾಕುತ್ತಾಳೆ. ನನಗೂ ಅದು ಇಷ್ಟವೇ, ಸುಳ್ಳು ಯಾಕೆ ಹೇಳಲಿ.

2020ರ ಪ್ರಾಮಿಸಿಂಗ್ ಯಂಗ್ ವುಮನ್ ಆ ಅಚ್ಚನ್ನೇ ಇಟ್ಟುಕೊಂಡು ನಮ್ಮನ್ನು ಆಟ ಆಡಿಸುತ್ತದೆ. ಶುರುವಿನಲ್ಲೇ ನಾಯಕಿ ಕ್ಯಾಸಿ ಬೆಳಗಿನ ಹೊತ್ತು ಬೀದಿಯಲ್ಲಿ ನಡೆದು ಬರುತ್ತಿದ್ದಾಳೆ. ಕೈಮೇಲೆ ಕೆಂಪಗೆ ಏನೋ ಇಳಿಯುತ್ತಿದೆ. ಆಯ್ತು, ಒಬ್ಬನನ್ನು ಮುಗಿಸಿಯೇ ಬಂದಳು ಅಂದುಕೊಂಡೆ. ಕ್ಯಾಮೆರಾ ಮೇಲೆ ಹೋದರೆ ಅವಳು ಹಾಟ್‌ಡಾಗ್ ತಿನ್ನುತ್ತಿದ್ದಾಳೆ, ಅದು ಕೆಚಪ್! ಎದುರು ಕಟ್ಟಡ ಕೆಲಸದವರು ರೇಗಿಸುತ್ತಾರೆ. ಅವಳು ಬಯ್ಯಲ್ಲ, ಓಡಲ್ಲ, ನಿಂತು ಸುಮ್ನೆ ನೋಡುತ್ತಾಳೆ ಅಷ್ಟೇ. ಅಷ್ಟಕ್ಕೇ ಅವರಿಗೆ ಸಿಟ್ಟು ಬರುತ್ತದೆ.

ಕ್ಯಾಸಿ ಮೆಡಿಕಲ್ ಓದು ಅರ್ಧಕ್ಕೆ ಬಿಟ್ಟವಳು. ಕಾಫಿ ಶಾಪ್‌ನಲ್ಲಿ ಕೆಲಸ, ಅಪ್ಪ ಅಮ್ಮನ ಮನೆಯಲ್ಲೇ ವಾಸ. ಮೂವತ್ತನೇ ಹುಟ್ಟುಹಬ್ಬಕ್ಕೆ ಅವರು ಕೊಡುವ ಉಡುಗೊರೆ ಒಂದು ಸೂಟ್‌ಕೇಸ್, ಅಂದರೆ ಇನ್ನು ಹೊರಡಮ್ಮಾ ಅಂತ. ವಾರಕ್ಕೊಮ್ಮೆ ಬಾರ್‌ಗೆ ಹೋಗಿ ಕುಡಿದು ಮೈಮೇಲೆ ಪ್ರಜ್ಞೆ ಇಲ್ಲದವಳ ಹಾಗೆ ನಟಿಸುತ್ತಾಳೆ. ಪ್ರತಿ ಸಲ ಒಬ್ಬ ‘ಒಳ್ಳೆಯ ಹುಡುಗ’ ಬಂದೇ ಬರುತ್ತಾನೆ, ಮನೆಗೆ ಬಿಡುತ್ತೀನಿ ಅಂತ ತನ್ನ ಮನೆಗೇ ಕರೆದುಕೊಂಡು ಹೋಗುತ್ತಾನೆ. ಅವನ ಕೈ ಎಲ್ಲೆ ಮೀರಿದಾಗ ಇವಳು ಕಣ್ಣು ಬಿಟ್ಟು, ಒಂದು ಚೂರೂ ತೊದಲದೆ, ಏನು ಮಾಡ್ತಿದ್ದೀಯ ಅಂತ ಕೇಳುತ್ತಾಳೆ. ಕಾಲೇಜಿನ ದಿನಗಳಲ್ಲಿ ಅವಳ ಜೀವದ ಗೆಳತಿ ನೀನಾ ಹೀಗೇ ಅಮಲಿನಲ್ಲಿದ್ದಾಗ ಸಹಪಾಠಿಯೊಬ್ಬ ಅತ್ಯಾಚಾರ ಮಾಡಿದ್ದ, ಉಳಿದವರು ನಿಂತು ನೋಡಿದ್ದರು, ಕಾಲೇಜು ಕೈ ತೊಳೆದುಕೊಂಡಿತ್ತು. ಈಗ ನೀನಾ ಇಲ್ಲ.

ಬರೆದು ನಿರ್ದೇಶಿಸಿದ ಎಮರಾಲ್ಡ್ ಫೆನೆಲ್‌ಗೆ ಇದು ಮೊದಲ ಸಿನಿಮಾ. ಚಿತ್ರೀಕರಣ ಬರೀ 23 ದಿನದಲ್ಲಿ ಮುಗಿದಿದೆ. ಆ ‘ಒಳ್ಳೆಯ ಹುಡುಗರ’ ಪಾತ್ರಕ್ಕೆ ಆ್ಯಡಮ್ ಬ್ರೋಡಿ, ಬೋ ಬರ್ನಮ್ ತರಹದವರನ್ನೇ ಆರಿಸಿದ್ದು ದೊಡ್ಡ ಜಾಣತನ. ನೋಡಿದರೆ ನಗು ಬರುವ, ಪಾಪ ಅನಿಸುವ ಮುಖಗಳು. ಇನ್ನೊಂದು ವಿಷಯ, ನೀನಾಳ ಮೇಲೆ ನಡೆದದ್ದನ್ನು ಎಲ್ಲೂ ತೋರಿಸಲ್ಲ. ಆಗ ತೆಗೆದಿದ್ದ ವಿಡಿಯೊ ಕ್ಯಾಸಿ ನೋಡುವಾಗ ನಮಗೆ ಸಿಗುವುದು ಸದ್ದು ಮತ್ತು ಕ್ಯಾಸಿ ಪಾತ್ರದ ಕ್ಯಾರಿ ಮುಲಿಗನ್ ಮುಖ ಮಾತ್ರ. ಸಾಕು ಅದು, ಜಾಸ್ತಿಯೇ ಆಯ್ತು.

ನನಗೆ ಹಿಡಿಸಿದ ದೃಶ್ಯ ಆ ಕಾಲೇಜಿನ ಮುಖ್ಯಸ್ಥೆ ಡೀನ್ ಕೋಣೆಯದು. ಆ ಹೆಂಗಸಿಗೆ ನೀನಾ ಹೆಸರೂ ನೆನಪಿಲ್ಲ, ಇಂಥ ದೂರು ಆಗಾಗ ಬರುತ್ತಲೇ ಇರುತ್ತವೆ, ಪ್ರತಿ ಸಲ ಹುಡುಗರ ಭವಿಷ್ಯ ಹಾಳು ಮಾಡಕ್ಕಾಗುತ್ತಾ ಅನ್ನುವ ಧಾಟಿ. ಕ್ಯಾಸಿ ತಣ್ಣಗೆ ಹೇಳುತ್ತಾಳೆ, ನಿಮ್ಮ ಮಗಳನ್ನು ಅದೇ ಹಾಸ್ಟೆಲ್ ರೂಮಿಗೆ ಹುಡುಗರ ಜೊತೆ ಬಿಟ್ಟು ಬಂದಿದ್ದೀನಿ ಅಂತ. ಒಂದೇ ನಿಮಿಷದಲ್ಲಿ ಡೀನ್ ಬಾಯಿಂದ ನ್ಯಾಯದ ಮಾತೆಲ್ಲ ಹಾರಿಹೋಗುತ್ತದೆ. ಹುಡುಗಿಗೆ ಏನೂ ಆಗಿರಲ್ಲ, ಎಲ್ಲೋ ಕ್ಷೇಮವಾಗಿ ಕೂತಿದ್ದಾಳೆ. ಕ್ಯಾಸಿ ಸೇಡು ಅಂದರೆ ಇದು, ಮರೆತವರಿಗೆ ನೆನಪು ಮಾಡುವುದು. ಆದರೆ ಅಮಾಯಕ ಹುಡುಗಿಯೊಬ್ಬಳನ್ನು ದಾಳ ಮಾಡಿಕೊಂಡಳಲ್ಲ ಅಂತ ನನಗೆ ಕಸಿವಿಸಿಯೂ ಆಯಿತು. ಇದನ್ನು ಸಬಲೀಕರಣದ ಸಿನಿಮಾ ಅಂತ ಕರೆಯುವವರು ಅವಳ ಬದುಕನ್ನೂ ಸ್ವಲ್ಪ ನೋಡಬೇಕು. ಗೆಳೆಯರಿಲ್ಲ, ಓದಿಲ್ಲ, ನಾಳೆ ಅನ್ನುವುದಿಲ್ಲ, ಇರುವುದು ಬಾರ್‌ನಲ್ಲಿ ಸಿಕ್ಕ ಆ ಗಂಡಸರ ಲೆಕ್ಕವನ್ನು ಗೀಟು ಎಳೆದು ಇಡುವ ಒಂದು ಪುಸ್ತಕ.

ಇನ್ನು ಕ್ಲೈಮ್ಯಾಕ್ಸ್. ನೋಡಿಲ್ಲದವರು ಇಲ್ಲಿಗೇ ನಿಲ್ಲಿಸಿ.

ಕ್ಯಾಸಿ ಸಾಯುತ್ತಾಳೆ. ನೀನಾಳ ಮೇಲೆ ಅತ್ಯಾಚಾರ ಮಾಡಿದ್ದ ಆ ಸಹಪಾಠಿ ಆಲ್ ಮನ್ರೋ ಅವಳ ಮುಖಕ್ಕೆ ದಿಂಬು ಒತ್ತುತ್ತಾನೆ, ಆ ದೃಶ್ಯ ಮುಗಿಯುವುದೇ ಇಲ್ಲ, ನನಗೆ ಉಸಿರು ಕಟ್ಟಿತು. ಅಲ್ಲಿವರೆಗೆ ಸಿನಿಮಾ ನಿಜ ಹೇಳುತ್ತಿತ್ತು. ಆಮೇಲೆ ಅವಳು ಮೊದಲೇ ಕಳಿಸಿಟ್ಟ ಸಾಕ್ಷ್ಯದ ಜೊತೆ ಪೊಲೀಸರು ಆಲ್‌ನ ಮದುವೆ ಮನೆಗೇ ಬಂದು ಅವನನ್ನು ಹಿಡಿಯುತ್ತಾರೆ, ಅಲ್ಲೇ ಇರುವ ರಯಾನ್ (ಬೋ ಬರ್ನಮ್ ಪಾತ್ರ) ಫೋನಿಗೆ ಕ್ಯಾಸಿ ಹೆಸರಿನಲ್ಲಿ ಕಣ್ಣು ಹೊಡೆಯುವ ಮೆಸೇಜ್ ಬರುತ್ತದೆ. ಅಲ್ಲ, ಅವಳು ಕಾಣೆಯಾದಾಗ ಇದೇ ಪೊಲೀಸರು ಅವಳ ತಲೆ ಸರಿ ಇರಲಿಲ್ಲ ಅನ್ನುವುದನ್ನು ತಕ್ಷಣ ನಂಬಿದ್ದರು ಅಲ್ವಾ? ಈಗ ಅವರೇ ಬಂದು ಕಾಪಾಡಿದರೆ ಚಪ್ಪಾಳೆ ಹೊಡೀಬೇಕಾ?

1991ರ ಥೆಲ್ಮಾ ಆಂಡ್ ಲೂಯಿಸ್ ನೆನಪಾಯಿತು. ಪಾರ್ಕಿಂಗ್ ಜಾಗದಲ್ಲಿ ಥೆಲ್ಮಾ ಮೇಲೆ ಅತ್ಯಾಚಾರಕ್ಕೆ ಹೊರಟವನಿಗೆ ಗೆಳತಿ ಲೂಯಿಸ್ ಗುಂಡು ಹಾರಿಸಿದ ಮೇಲೆ ಥೆಲ್ಮಾ ಪೊಲೀಸರ ಹತ್ತಿರ ಹೋಗೋಣ ಅಂತಾಳೆ. ನೀನು ಅವನ ಕೆನ್ನೆಗೆ ಕೆನ್ನೆ ಇಟ್ಟು ಕುಣಿದಿದ್ದನ್ನು ಎಲ್ಲರೂ ನೋಡಿದ್ದಾರೆ, ಯಾರು ನಂಬುತ್ತಾರೆ ಅನ್ನುವುದು ಲೂಯಿಸ್ ಉತ್ತರ. ಅದನ್ನು ಬರೆದ ಕ್ಯಾಲಿ ಖೌರಿಗೂ, ಇದನ್ನು ಬರೆದ ಫೆನೆಲ್‌ಗೂ ಸಿಕ್ಕಿದ್ದು ಒಂದೇ ಆಸ್ಕರ್, ಮೂಲ ಚಿತ್ರಕಥೆಗೆ. ಸುಮಾರು ಮೂವತ್ತು ವರ್ಷ ಹಿಂದಿನ ಸಿನಿಮಾನೇ ಈ ಒಂದು ವಿಷಯದಲ್ಲಿ ಇದಕ್ಕಿಂತ ಗಟ್ಟಿಯಾಗಿ ನಿಂತಿತ್ತು.

ಐದಕ್ಕೆ ಮೂರೂವರೆ ಕೊಡುತ್ತೀನಿ, ಮುಲಿಗನ್‌ಗೆ ಮಾತ್ರ ಪೂರ್ತಿ ಐದು. ಎರಡನೇ ಸಲ ಹಾಕಿಕೊಂಡಾಗ ಸೈರನ್ ಕೇಳುವ ಮುಂಚೆಯೇ ಟಿವಿ ಆಫ್ ಮಾಡಿದೆ.