ಒಂದೇ ಥಾರ್, ಮೂರು ಸೆಟ್ ಟೈರ್: ತೋಟದ ದಾರಿಯಿಂದ ದೇವಿಮನೆ ಘಟ್ಟದವರೆಗೆ

ನಮ್ಮ ಮನೆ ಇರುವುದು ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ದಾರಿಯಲ್ಲಿ, ತೋಟದ ಪಕ್ಕ. ಟಾರು ರಸ್ತೆ ಬಿಟ್ಟ ಮೇಲೆ 1.5 ಕಿಲೋಮೀಟರ್ ಮಣ್ಣಿನ ದಾರಿ. ಅದರಲ್ಲಿ ಒಂದು 40 ಮೀಟರ್ ಕಡಿದಾದ ಏರು, ಎರಡೂ ಕಡೆ ದರೆ. ಬೇಸಿಗೆಯಲ್ಲಿ ಆ ಏರನ್ನು ಆಲ್ಟೊ ಕೂಡ ಹತ್ತುತ್ತದೆ. ಆರಿದ್ರಾ ಮಳೆ ಹಿಡಿಯಿತು ಅಂದರೆ ನಡೆದು ಹತ್ತುವವರೂ ಕೈಯಲ್ಲಿ ಕೋಲು ಹಿಡಿಯಬೇಕು.

ದಿನಾ ಈ ದಾರಿ ಇಳಿದು ಶಿರಸಿಗೆ ಕೆಲಸಕ್ಕೆ ಹೋಗುತ್ತೇನೆ. ತಿಂಗಳಿಗೆ ಎರಡು ಸಲ ಕಾರವಾರದ ಓಡಾಟ ಇದ್ದೇ ಇರುತ್ತದೆ. ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಕಾರವಾರ. ಒಂದು ತಿಂಗಳು ಕೂತು ಲೆಕ್ಕ ಬರೆದೆ. 100 ಕಿಲೋಮೀಟರ್ ಓಡಿದರೆ ಅದರಲ್ಲಿ ಮಣ್ಣಿನ ದಾರಿ 7 ಕಿಲೋಮೀಟರ್ ಕೂಡ ಇಲ್ಲ. ಈ ಲೆಕ್ಕವನ್ನು ನಾನು ಎರಡನೇ ಸೆಟ್ ಟೈರ್ ಕೊಳ್ಳುವ ಮೊದಲೇ ಬರೆಯಬೇಕಿತ್ತು.

ಗಾಡಿ ಮಹೀಂದ್ರಾ ಕಂಪನಿಯ ಡೀಸೆಲ್ ಥಾರ್. 2020ರಲ್ಲಿ ಬಂದ ಹೊಸ ರೂಪದ್ದು, 16 ಇಂಚಿನ ರಿಮ್. 2022ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಅಲ್ಲಿಂದ ಇಲ್ಲಿಯವರೆಗೆ ಅದಕ್ಕೆ ಮೂರು ಜಾತಿಯ ಟೈರ್ ಹಾಕಿ ಓಡಿಸಿದ್ದೇನೆ. ಮೊದಲು ಹೆದ್ದಾರಿಯ ಎಚ್‌.ಟಿ., ಆಮೇಲೆ ಕೆಸರಿನ ಎಂ.ಟಿ., ಈಗ ಎರಡಕ್ಕೂ ನಡುವಿನ ಎ.ಟಿ. ಮೂರೂ ಒಂದೇ ಅಳತೆ, 245/75 ಆರ್16. ಅಂದರೆ ಅಗಲ 245 ಮಿಲಿಮೀಟರ್, ಪಕ್ಕದ ಎತ್ತರ ಆ ಅಗಲದ ನೂರಕ್ಕೆ 75ರಷ್ಟು, ರಿಮ್ 16 ಇಂಚು. ಗಾಡಿ ಒಂದೇ, ಅಳತೆ ಒಂದೇ, ದಾರಿ ಒಂದೇ. ಹಾಗಾಗಿ ವ್ಯತ್ಯಾಸ ಬಂದಿದ್ದೆಲ್ಲ ಟೈರಿನದ್ದೇ ಅಂತ ಧೈರ್ಯವಾಗಿ ಹೇಳಬಲ್ಲೆ.

ಎಚ್‌.ಟಿ. ಟೈರ್ ಗಾಡಿಯ ಜೊತೆಗೇ ಬಂದಿತ್ತು. ಹಿಂದಿನ ಮಾಲೀಕರು ಹುಬ್ಬಳ್ಳಿಯವರು, ಹೆದ್ದಾರಿ ಬಿಟ್ಟು ಇಳಿಸಿದವರಲ್ಲ. ಅವರಿಗೆ ಅದು ಸರಿಯಾಗಿಯೇ ಇತ್ತು. ಕುಮಟಾ–ಅಂಕೋಲಾ ನಡುವೆ ಹೋಗುವಾಗ ಕಿಟಕಿ ಏರಿಸಿದರೆ ಟೈರಿನ ಸದ್ದೇ ಕೇಳುತ್ತಿರಲಿಲ್ಲ. ಲೀಟರಿಗೆ 13 ಕಿಲೋಮೀಟರ್ ಆರಾಮಾಗಿ ಕೊಡುತ್ತಿತ್ತು. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಗಾಡಿ ಕಚ್ಚಿ ನಿಲ್ಲುತ್ತಿತ್ತು. ಆದರೆ ಮನೆಯ ಏರು? ನಮ್ಮ ಕೆಂಪು ಮಣ್ಣು ಅಂಟು. ಎಚ್‌.ಟಿ. ಬಟನ್, ಅಂದರೆ ನೆಲಕ್ಕೆ ತಾಗುವ ರಬ್ಬರ್ ಗಟ್ಟಿ, ಅವುಗಳ ನಡುವಿನ ಸಂದು ಸಣ್ಣದು. ಎರಡು ಸುತ್ತು ತಿರುಗುವಷ್ಟರಲ್ಲಿ ಸಂದೆಲ್ಲ ಮಣ್ಣು ತುಂಬಿ, ಹೋಳಿಗೆ ಕಣಕ ಸವರಿದ ಲಟ್ಟಣಿಗೆಯ ಹಾಗೆ ನುಣ್ಣಗೆ ಆಗುತ್ತಿತ್ತು. ಆಮೇಲೆ ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನವಾಗಿ ಹೆಚ್ಚು ಬಲ ಕೊಡುವ ಗೇರು) ಹಾಕಿದರೂ ಅಷ್ಟೆ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುತ್ತದೆ, ಆದರೆ ಹಿಡಿಯಲು ಏನೂ ಇಲ್ಲದಿದ್ದರೆ ನಾಲ್ಕೂ ಸೇರಿ ಜಾರುತ್ತವೆ. ಆ ಮಳೆಗಾಲದಲ್ಲಿ ಎಷ್ಟೋ ರಾತ್ರಿ ಗಾಡಿಯನ್ನು ಕೆಳಗೆ ಟಾರು ರಸ್ತೆ ಅಂಚಿಗೇ ಬಿಟ್ಟು, ಬ್ಯಾಟರಿ ಹಿಡಿದು, ಉಂಬಳ ಕಿತ್ತುಕೊಳ್ಳುತ್ತ ನಡೆದು ಬಂದಿದ್ದೇನೆ.

ಅದೇ ಸಿಟ್ಟಿನಲ್ಲಿ ನೇರ ಎಂ.ಟಿ.ಗೆ ಹಾರಿದೆ.

ಎಂ.ಟಿ. ಟೈರನ್ನು ಅಂಗಡಿಯಲ್ಲಿ ನೋಡಿದರೇ ಮನಸ್ಸು ಸೋಲುತ್ತದೆ. ಹೆಬ್ಬೆರಳು ಪೂರ್ತಿ ಹೋಗುವಷ್ಟು ಅಗಲದ ಸಂದು, ಪಕ್ಕದ ಗೋಡೆಯ ಮೇಲೂ ದಪ್ಪ ಬಟನ್. ಕೆಸರಿನಲ್ಲಿ ಅದರ ಕೆಲಸ ನೋಡಬೇಕು. ಬಟನ್ ಮಣ್ಣನ್ನು ಅಗೆದು ಹಿಡಿಯುತ್ತದೆ, ಚಕ್ರ ತಿರುಗಿದಾಗ ಸಂದಿನ ಮಣ್ಣನ್ನು ತಾನೇ ಹಿಂದಕ್ಕೆ ಎಸೆಯುತ್ತದೆ. ಹೀಗೆ ಪ್ರತಿ ಸುತ್ತಿಗೂ ಹೊಸ ಹಲ್ಲು. ಮೊದಲ ಮಳೆಗೆ ನಮ್ಮ ಏರನ್ನು ಫೋರ್ ಲೋ ಇಲ್ಲದೆ, ಬರೀ ಫೋರ್ ಹೈನಲ್ಲಿ (ನಾಲ್ಕೂ ಚಕ್ರಕ್ಕೆ ಶಕ್ತಿ, ಆದರೆ ಮಾಮೂಲಿ ಗೇರಿನ ವೇಗ) ಎರಡನೇ ಗೇರಿನಲ್ಲಿ ಹತ್ತಿತು. ಅಡಿಕೆಯ ಕೊಳೆ ರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯುವ ದಿನ ಪಕ್ಕದ ತೋಟದವರ ಪಿಕಪ್ ಹೂತು ಹೋಗಿತ್ತು. ಮೈಲುತುತ್ತದ ಚೀಲ, ಸುಣ್ಣ, ಡ್ರಮ್ಮು ಎಲ್ಲ ನಮ್ಮ ಗಾಡಿಯಲ್ಲೇ ಮೇಲೆ ಹೋಯಿತು. ಮಳೆ ಹೊಳವಾದ ಆ ಅರ್ಧ ದಿನ ಔಷಧಿ ಬೀಳದಿದ್ದರೆ ಕೊಳೆ ಬಂತು ಅಂತಲೇ ಲೆಕ್ಕ. ಅವತ್ತು ಎಂ.ಟಿ. ಟೈರಿಗೆ ಕೊಟ್ಟ ಪ್ರತಿ ರೂಪಾಯಿಯೂ ವಾಪಸ್ ಬಂತು ಅನ್ನಿಸಿತ್ತು.

ಆದರೆ ಟೈರು ಬರೀ ಆ ಏರಿನ ಮೇಲೆ ಬದುಕುವುದಿಲ್ಲವಲ್ಲ.

ಹೆದ್ದಾರಿಯಲ್ಲಿ 60 ದಾಟಿದರೆ ಹಿಟ್ಟಿನ ಗಿರಣಿ ಪಕ್ಕ ಕೂತ ಹಾಗೆ ಒಂದೇ ಸಮ ಗುಂಯ್ ಅನ್ನುವ ಸದ್ದು. ಕಾರವಾರ ಮುಟ್ಟುವಷ್ಟರಲ್ಲಿ ತಲೆ ಭಾರ. ಮೈಲೇಜ್ 10.5ಕ್ಕೆ ಇಳಿಯಿತು. ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ಒದ್ದೆ ಟಾರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಚ್‌.ಟಿ. ಟೈರಿನ ಬಟನ್ ಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ನೂರಾರು ಸಣ್ಣ ಸೀಳುಗಳಿರುತ್ತವೆ. ಸೈಪ್ ಅನ್ನುತ್ತಾರೆ. ರಸ್ತೆ ಮೇಲಿನ ತೆಳುವಾದ ನೀರಿನ ಪದರವನ್ನು ಅವು ಒರೆಸಿ, ರಬ್ಬರ್ ನೇರ ಟಾರಿಗೆ ತಾಗುವ ಹಾಗೆ ಮಾಡುತ್ತವೆ. ಎಂ.ಟಿ.ಯಲ್ಲಿ ಈ ಸೀಳು ತೀರಾ ಕಡಿಮೆ. ಸಂದು ದೊಡ್ಡದಾದಷ್ಟೂ ನೆಲಕ್ಕೆ ತಾಗುವ ರಬ್ಬರ್ ಕೂಡ ಕಡಿಮೆ. ಕೆಸರಿನಲ್ಲಿ ಅದನ್ನು ಗೆಲ್ಲಿಸಿದ ಅದೇ ಅಗಲ ಸಂದು ಒದ್ದೆ ಟಾರಿನಲ್ಲಿ ಸೋಲಿಸುತ್ತದೆ. ನಮ್ಮ ಘಟ್ಟದ ರಸ್ತೆ ಬರೀ ಒದ್ದೆಯೂ ಅಲ್ಲ. ಮರದ ನೆರಳಿಗೆ ಟಾರಿನ ಮೇಲೆ ಪಾಚಿ ಕಟ್ಟಿರುತ್ತದೆ, ಅದರ ಮೇಲೆ ಕೊಳೆತ ದರಕು ಬಿದ್ದಿರುತ್ತದೆ.

ದೇವಿಮನೆ ಇಳಿಯುತ್ತಿದ್ದೆವು. ಪಕ್ಕದಲ್ಲಿ ಆಯಿ, ಕುಮಟಾದಲ್ಲಿ ನೆಂಟರ ಮನೆಗೆ ಹೊರಟಿದ್ದಳು. ವೇಗ 35 ಇರಬಹುದು, ಮೂರನೇ ಗೇರು. ತಿರುವಿನಲ್ಲಿ ಮುಂದಿದ್ದ ಓಮ್ನಿ ನಿಂತುಬಿಟ್ಟಿತು. ಬ್ರೇಕ್ ಒತ್ತಿದೆ. ಪೆಡಲ್ ಕೆಳಗೆ ಎ.ಬಿ.ಎಸ್. (ಬ್ರೇಕಿಗೆ ಚಕ್ರ ಪೂರ್ತಿ ಕಚ್ಚಿ ನಿಲ್ಲದ ಹಾಗೆ ತಡೆಯುವ ವ್ಯವಸ್ಥೆ) ಟರಟರ ಅಂತ ಬಡಿಯಿತು, ಸ್ಟೇರಿಂಗ್ ತಿರುಗಿತು, ಗಾಡಿ ಮಾತ್ರ ನೇರ ಹೋಯಿತು. ನಿಂತಾಗ ಎಡಗಡೆ ಮುಂದಿನ ಚಕ್ರಕ್ಕೂ ಗಟಾರದ ಅಂಚಿಗೂ ನಡುವೆ ಒಂದು ಗೇಣು ಜಾಗವಿತ್ತು. ಇಳಿದು ನೋಡಿದೆ. ಟಾರಿನ ಮೇಲೆ ಪಾಚಿ ಕೆರೆದು ಎರಡು ಉದ್ದ ಗೆರೆ ಬಿದ್ದಿತ್ತು. ಆಯಿ ಏನೂ ಬೈಯಲಿಲ್ಲ. ಮಡಿಲಲ್ಲಿದ್ದ ಹೂವಿನ ಪೊಟ್ಟಣವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಕುಮಟಾ ಬರುವವರೆಗೂ ಬಿಡಲಿಲ್ಲ.

ಅದೇ ತಿರುವಿನಲ್ಲಿ, ಅದೇ ವೇಗದಲ್ಲಿ, ಎಚ್‌.ಟಿ. ಹಾಕಿಕೊಂಡು ಎಷ್ಟೋ ಸಲ ಬ್ರೇಕ್ ಒತ್ತಿದ್ದೆ. ಹೀಗೆ ಆಗಿರಲಿಲ್ಲ. ಆ ಮಳೆಗಾಲ ಮುಗಿಯುವವರೆಗೆ ಘಟ್ಟವನ್ನು ಎರಡನೇ ಗೇರಿನಲ್ಲೇ ಇಳಿದೆ. ಮುಗಿದ ಕೂಡಲೇ ಎಂ.ಟಿ. ಬಿಚ್ಚಿಸಿದೆ.

2024ರ ಅಕ್ಟೋಬರ್‌ನಿಂದ ಎ.ಟಿ. ಇದೆ. ಒಂದಕ್ಕೆ 14 ಸಾವಿರದ ಹತ್ತಿರ ಬಿತ್ತು. ನೋಡಲು ಎಂ.ಟಿ.ಯಷ್ಟು ಗಂಭೀರವಾಗಿಲ್ಲ. ಸಂದು ಮಧ್ಯಮ, ಬಟನ್ ಮೇಲೆ ಸೈಪ್ ಧಾರಾಳ. ಒದ್ದೆ ಘಟ್ಟದಲ್ಲಿ ಎಚ್‌.ಟಿ.ಗಿಂತ ಒಂದು ಕೂದಲು ಕಡಿಮೆ, ಎಂ.ಟಿ.ಗಿಂತ ಬಹಳ ಮೇಲು. ಸದ್ದು 80ರ ಮೇಲೆ ಸ್ವಲ್ಪ. ಮೈಲೇಜ್ 12. ಕೆಸರಿನಲ್ಲಿ ಎಂ.ಟಿ. ಹತ್ತಿದ್ದನ್ನೆಲ್ಲ ಇದು ಹತ್ತುತ್ತದೆ ಅಂದರೆ ಸುಳ್ಳಾಗುತ್ತದೆ. ಏರಿನ ಬುಡದಲ್ಲಿ ನಿಲ್ಲಿಸಿ, ಗಾಳಿಯನ್ನು 22 ಪಿ.ಎಸ್‌.ಐ.ಗೆ ಇಳಿಸಿ, ಫೋರ್ ಲೋ ಹಾಕಬೇಕು. ಗಾಳಿ ಇಳಿದಾಗ ಟೈರು ಉದ್ದಕ್ಕೆ ಚಪ್ಪಟೆಯಾಗಿ ಜಾಸ್ತಿ ನೆಲ ಹಿಡಿಯುತ್ತದೆ. ಮತ್ತೆ ಟಾರಿಗೆ ಬಂದಾಗ ಬಾಗಿಲ ಬಳಿ ಕಂಪನಿ ಬರೆದಷ್ಟು ಗಾಳಿ ತುಂಬಲೇಬೇಕು. ಇಲ್ಲವಾದರೆ ಟೈರು ಬಿಸಿಯಾಗಿ ಹಾಳಾಗುತ್ತದೆ. ಅದಕ್ಕೆ 12 ವೋಲ್ಟ್‌ನ ಸಣ್ಣ ಕಂಪ್ರೆಸರ್ ಇಟ್ಟುಕೊಂಡಿದ್ದೇನೆ. ನಾನು ಈ ಗಾಡಿಗೆ ಹಾಕಿದ ಸಾಮಾನುಗಳಲ್ಲಿ ಅತಿ ಹೆಚ್ಚು ಕೆಲಸ ಕೊಟ್ಟಿದ್ದು ಅದೇ.

ದಿನಾ ಹೀಗೆ ಗಾಳಿ ಇಳಿಸಿ ಏರಿಸುವುದು ಬೇಸರದ ಕೆಲಸ, ಅಲ್ವಾ? ಒಂದು ವಾರ ಮಾಡಿದೆ. ಆಮೇಲೆ ಹೊಳೆದಿದ್ದು, ತೊಂದರೆ ಇರುವುದು ಬರೀ 40 ಮೀಟರ್ ಜಾಗದಲ್ಲಿ. ಎರಡು ಲೋಡ್ ಚಿರೇಕಲ್ಲಿನ ಚೂರು ತರಿಸಿ, ಚಕ್ರ ಹೋಗುವ ಎರಡು ಸಾಲಿಗೂ ತುಂಬಿ ಬಡಿಸಿದೆ, ಪಕ್ಕಕ್ಕೆ ನೀರು ಹೋಗುವ ಕಾಲುವೆ ತೆಗೆಸಿದೆ. ಇನ್ನೊಂದು ಸೆಟ್ ಎಂ.ಟಿ. ಟೈರಿಗಿಂತ ಬಹಳ ಕಡಿಮೆ ಖರ್ಚು. ಕಳೆದ ಮಳೆಗಾಲದಲ್ಲಿ ಗಾಳಿ ಇಳಿಸಿದ್ದು ನಾಲ್ಕೇ ಸಲ. ಈಗ ಪಿಕಪ್ ಕೂಡ ಹತ್ತುತ್ತದೆ. ಟೈರು ಬದಲಿಸುವ ಯೋಚನೆ ಇದ್ದವರು ಮೊದಲು ತಮ್ಮ ದಾರಿಯಲ್ಲಿ ಕೆಟ್ಟ ಜಾಗ ಎಷ್ಟು ಮೀಟರ್ ಇದೆ ಅಂತ ಅಳೆದು ನೋಡಿ.

ಇನ್ನು ಗಾಡಿ ಎತ್ತರಿಸುವ ವಿಷಯ. ಕಾರವಾರದ ಸ್ನೇಹಿತನ ಥಾರ್‌ಗೆ ಎರಡು ಇಂಚು ಲಿಫ್ಟ್ ಇದೆ, ಟೈರು 265/75 ಆರ್16. ಎರಡು ವಾರ ಗಾಡಿ ಅದಲು ಬದಲು ಮಾಡಿಕೊಂಡೆವು. ನೋಡಲು ಆನೆಯ ಹಾಗಿದೆ, ನಿಜ. ಆದರೆ ಥಾರ್‌ನ ಹಿಂದಿನ ಆಕ್ಸಲ್ ಒಂದೇ ಗಟ್ಟಿ ದಂಡ. ಲಿಫ್ಟ್ ಹಾಕಿದರೆ ಬಾಡಿ ಮೇಲೆ ಹೋಗುತ್ತದೆ, ಆ ದಂಡ ಮತ್ತು ಅದರ ನಡುವಿನ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತದೆ. ದಾರಿಯ ನಡುವಿನ ದಿಬ್ಬಕ್ಕೆ ಮೊದಲು ತಾಗುವುದು ಅದೇ ಗುಂಡು. ಅದನ್ನು ಎತ್ತುವುದು ದೊಡ್ಡ ಟೈರು ಮಾತ್ರ. 245/75ರಿಂದ 265/75ಕ್ಕೆ ಹೋದರೆ ಟೈರಿನ ಎತ್ತರ 30 ಮಿಲಿಮೀಟರ್ ಹೆಚ್ಚುತ್ತದೆ, ಆಕ್ಸಲ್ ಕೆಳಗೆ ಸಿಗುವುದು ಅದರ ಅರ್ಧ, 15 ಮಿಲಿಮೀಟರ್. ಸ್ಪೀಡೋಮೀಟರ್ ಕೂಡ ನೂರಕ್ಕೆ ನಾಲ್ಕರಷ್ಟು ಕಡಿಮೆ ತೋರಿಸಲು ಶುರುಮಾಡುತ್ತದೆ. ಕಂಪನಿಯಿಂದಲೇ 226 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ಇರುವ ಗಾಡಿಗೆ ನಮ್ಮ ಕಡೆ ಇನ್ನೂ ಎತ್ತರ ಬೇಕಾದ ಜಾಗ ನನಗಂತೂ ಸಿಕ್ಕಿಲ್ಲ.

ಘಟ್ಟದ ತಿರುವುಗಳಲ್ಲಿ ಆ ಗಾಡಿ ವಾಲುವುದು ನಮ್ಮದಕ್ಕಿಂತ ಸ್ಪಷ್ಟವಾಗಿ ಜಾಸ್ತಿ. ಮನೆ ಅಂಗಳದಲ್ಲಿ ಅದನ್ನು ನೋಡಿದ ಆಯಿ ಬಾಗಿಲು ಹಿಡಿದು ಒಂದು ಕಾಲು ಎತ್ತಿ ನೋಡಿದಳು, ಇಳಿಸಿದಳು. "ಇದ್ಕೆ ಹತ್ತಲೆ ಏಣಿ ಬೇಕಾಗ್ತು ತಮಾ" ಅಂದಳು. ಅವಳಿಗೆ ಮಂಡಿ ನೋವು. ಮನೆಮಂದಿ ಹತ್ತಲಾಗದ ಗಾಡಿ ದಿನದ ಗಾಡಿ ಹೇಗೆ ಆಗುತ್ತದೆ?

ಕಾನೂನನ್ನೂ ಹೇಳಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕುವುದರ ವಿರುದ್ಧ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿದೆ. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದು ಇಂಥದ್ದನ್ನೇ. ಹಾಗಾಗಿ ಲಿಫ್ಟ್, ಬುಲ್ ಬಾರ್ ಎರಡೂ ನನ್ನ ಪಟ್ಟಿಯಿಂದ ಹೊರಗೆ. ಸ್ನಾರ್ಕೆಲ್, ಅಂದರೆ ನೀರು ದಾಟುವಾಗ ಇಂಜಿನ್‌ಗೆ ಮೇಲಿನಿಂದ ಗಾಳಿ ಎಳೆಯುವ ಕೊಳವೆ, ಅದು ಕೂಡ ಬೇಡ. ಕಂಪನಿಯೇ 650 ಮಿಲಿಮೀಟರ್ ನೀರು ದಾಟಬಹುದು ಅನ್ನುತ್ತದೆ. ಮಳೆಗಾಲದ ನಮ್ಮ ಹಳ್ಳ ಅದಕ್ಕಿಂತ ಮೇಲೆ ಬಂದರೆ ಇಂಜಿನ್ ಉಸಿರಾಡುತ್ತದೋ ಇಲ್ಲವೋ ಅನ್ನುವುದಕ್ಕಿಂತ ಮೊದಲು ಗಾಡಿಯೇ ತೇಲಿ ಹೋಗುತ್ತದೆ. ಅಂಥ ದಿನ ಸಂಕದ ಮೇಲೆ ನಡೆದು ದಾಟುವುದೇ ಸರಿ.

ಆ ಎರಡು ವಾರದಲ್ಲಿ ಸ್ನೇಹಿತನ ಗಾಡಿಯಿಂದ ಒಂದು ಒಳ್ಳೆಯ ವಿಷಯ ಕಲಿತೆ. ಕಾರವಾರದ ಗಾಳಿಯಲ್ಲೇ ಉಪ್ಪಿದೆ. ಅವನು ಗಾಡಿಯ ತಳಕ್ಕೆ ರಬ್ಬರ್ ಕೋಟಿಂಗ್ ಮಾಡಿಸಿದ್ದ. ಕಲ್ಲು ಬಡಿದು ಅದು ಒಂದು ಕಡೆ ಬಿರುಕು ಬಿಟ್ಟಿತ್ತು, ಒಳಗೆ ನೀರು ಸೇರಿ ಕೂತಿತ್ತು. ಬೆರಳಲ್ಲಿ ಎತ್ತಿದರೆ ಅಡಿಯಲ್ಲಿ ಕಂದು ತುಕ್ಕು ಹಪ್ಪಳದ ಹಾಗೆ ಎದ್ದು ಬಂತು. ನಾನು ಹಾಕಿಸಿದ್ದು ಮೇಣದ ಕೋಟಿಂಗ್. ಅದು ಒಣಗಿ ಗಟ್ಟಿಯಾಗುವುದಿಲ್ಲ, ಬಿರುಕೂ ಬಿಡುವುದಿಲ್ಲ. ಆದರೆ ಪ್ರತಿ ವರ್ಷ ಮಳೆಗೆ ಮೊದಲು ಮತ್ತೆ ಹೊಡೆಸಬೇಕು. ಕರಾವಳಿಗೆ ಓಡಾಡುವ ಗಾಡಿಗೆ ನನ್ನ ಮತ ಮೇಣಕ್ಕೆ. ಕಾರವಾರದಿಂದ ಬಂದ ಮರುದಿನ ಸಿಹಿನೀರಿನಲ್ಲಿ ತಳ ತೊಳೆಯುವುದನ್ನೂ ಬಿಡುವುದಿಲ್ಲ.

ಬೀಚಿನ ಮರಳಲ್ಲಿ ಯಾವ ಟೈರು ಒಳ್ಳೆಯದು ಅಂತ ಕೇಳುವವರಿದ್ದಾರೆ. ನಾನು ಇಳಿಸಿಲ್ಲ, ಇಳಿಸುವುದೂ ಇಲ್ಲ. ಚಳಿಗಾಲದಲ್ಲಿ ನಮ್ಮ ಕರಾವಳಿಯ ಮರಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಗೂಡು ಮೇಲಿನಿಂದ ಕಾಣುವುದಿಲ್ಲ. ಎರಡು ಟನ್ ಹತ್ತಿರದ ಗಾಡಿ ಅದರ ಮೇಲೆ ಹೋದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಮೊನ್ನೆ ಎ.ಟಿ. ಟೈರಿನ ಬಟನ್ ಅಳೆದೆ. ಕಾನೂನಿನ ಪ್ರಕಾರ 1.6 ಮಿಲಿಮೀಟರ್‌ವರೆಗೆ ಓಡಿಸಬಹುದು. ದೇವಿಮನೆಯ ಪಾಚಿಗೆ ಅದು ಏನೇನೂ ಸಾಲದು. ನಾನು 4ಕ್ಕೆ ಬಂದಾಗಲೇ ಬದಲಿಸುತ್ತೇನೆ. ಈಗ ಹಿಂದಿನವು 5ರಲ್ಲಿವೆ, ಮುಂದಿನವು 6ರಲ್ಲಿವೆ. ನಾಳೆ ಶಿರಸಿಯಲ್ಲಿ ಅಲೈನ್‌ಮೆಂಟ್ ಮಾಡಿಸಿ ಹಿಂದು ಮುಂದು ಬದಲಿಸಿದರೆ ಇನ್ನೊಂದು ಮಳೆಗಾಲ ಬರಬಹುದು.